ಹಲಸಿನ ಕೊಟ್ಟಿಗೆ ಮತ್ತು ಅಕ್ಕಿಯ ಅಂಟು

ಹೊರಗೆ ಆಷಾಢದ ಮಳೆ ಸುರಿಯುತ್ತಿರುವಾಗ ಬಾಳೆಯೆಲೆಯ ಮಡಿಕೆ ಬಿಚ್ಚಿ, ಬಿಸಿ ಬಿಸಿಯಾದ ಹಲಸಿನ ಹಣ್ಣಿನ ಕೊಟ್ಟಿಗೆಗೆ ತುಪ್ಪ ಹಾಕಿ ತಿಂದ ನೆನಪು ನೆಕ್ರಾಜೆಯ ಸುತ್ತಣ ಮನೆಗಳಲ್ಲಿ ಬೆಳೆದ ಅನೇಕರಿಗೆ ಉಂಟು. ಘಟ್ಟದ ಮೇಲಿನವರಿಗೆ ಕೊಟ್ಟಿಗೆಯೆಂದರೆ ದನ ಕಟ್ಟುವ ಸ್ಥಳ. ನಾವು ಅದನ್ನು ತಿನ್ನುತ್ತೇವೆಂದರೆ ಅವರು ನಕ್ಕರೆ ತಪ್ಪಿಲ್ಲ. ಇದನ್ನೇ ತುಳುವಿನಲ್ಲಿ ಗಟ್ಟಿ ಎಂದೂ ಮಲಯಾಳದಲ್ಲಿ ಅಡ ಎಂದೂ ಕರೆಯುವರು.

ಎಲೆಯಲ್ಲಿ ಅಕ್ಕಿಯನ್ನು ಕಟ್ಟಿ ಬೇಯಿಸುವ ಪದ್ಧತಿ ನಮ್ಮದು ಮಾತ್ರವಲ್ಲ. ಫಿಲಿಪ್ಪೈನ್ಸ್ ದ್ವೀಪಗಳ ಮಕ್ಕಳಿಗೆ ಅಚ್ಚುಮೆಚ್ಚಾದ 'ಸುಮನ್' ಎಂಬ ತಿಂಡಿಯೂ ಹೀಗೆಯೇ. ಅಂಟಕ್ಕಿಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ, ಬಾಳೆಯೆಲೆಯಲ್ಲೋ ತೆಂಗಿನ ಎಳೆಯ ಗರಿಯಲ್ಲೋ ಸುತ್ತಿ, ಆವಿಯಲ್ಲಿಡುವರು. ಅಲ್ಲಿ ಅಕ್ಕಿಯನ್ನು ಅರೆಯುವ ಕೆಲಸವೇ ಇಲ್ಲ. ಇಡಿಯ ಕಾಳುಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಮ್ಮ ಬೆಳ್ತಿಗೆ ಅಕ್ಕಿಯನ್ನು ಹಾಗೆ ಕಟ್ಟಿಟ್ಟರೆ ಬಿಚ್ಚಿದಾಗ ಉದುರುವ ಅನ್ನವೇ ದೊರೆಯುವುದು. ಕಾರಣವೇನು?

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆಯುಂಟು. ನೀಳವಾದ ಎಳೆಯಂತಿರುವುದು ಅಮೈಲೋಸ್. ಮರದ ಕೊಂಬೆಗಳಂತೆ ಕವಲೊಡೆದಿರುವುದು ಅಮೈಲೋಪೆಕ್ಟಿನ್. ಅಂಟಕ್ಕಿಯಲ್ಲಿ ಮೊದಲನೆಯದು ಇಲ್ಲವೆಂಬಷ್ಟು ಕಡಿಮೆ. ಆದುದರಿಂದ ಬೆಂದೊಡನೆ ಅದು ಮುದ್ದೆಯಾಗುತ್ತದೆ. ಅಸ್ಸಾಮಿನ ಬೋರಾ ಅಕ್ಕಿಯೂ ಈ ಜಾತಿಯದೇ. ನಮ್ಮ ಅಕ್ಕಿಯಲ್ಲಿ ಅಮೈಲೋಸ್ ಸಾಕಷ್ಟಿರುವುದರಿಂದ ಅದನ್ನು ಅರೆದು, ಅಂಟಿಗೆ ಬೇರೊಂದನ್ನು ಕೂಡಿಸಬೇಕಾಗುತ್ತದೆ. ಆ ಕೆಲಸವನ್ನು ಹಲಸಿನ ಹಣ್ಣು ಮಾಡುತ್ತದೆ.

ಇದಕ್ಕೆ ಮೆತ್ತನೆಯ ತುಳುವ ಹಣ್ಣೇ ಒಳ್ಳೆಯದೆಂದು ನನ್ನ ಮತ. ಬಕ್ಕೆಯನ್ನು ಹಾಗೆಯೇ ತಿನ್ನುವುದು ಲೇಸು. ನೆನೆದ ಅಕ್ಕಿಗೆ ಸುಮಾರು ಎರಡರಷ್ಟು ಸೊಳೆ, ಬೆಲ್ಲ, ತೆಂಗಿನ ತುರಿ, ಉಪ್ಪು ಸೇರಿಸಿ, ನೀರು ಹಾಕದೆ ತರಿಯಾಗಿ ಅರೆಯಬೇಕು. ಆದರೆ 'ಸುಮಾರು' ಎಂಬ ಮಾತಿನಲ್ಲಿಯೇ ಎಲ್ಲ ಕಷ್ಟವೂ ಅಡಗಿದೆ. ಮಳೆ ಹಿಡಿದ ಮೇಲಿನ ಹಣ್ಣು ನೀರು ಕುಡಿದು ಸಪ್ಪೆಯಾಗಿರುತ್ತದೆ. ಆಗ ಬೆಲ್ಲವೂ ಅಕ್ಕಿಯೂ ಹೆಚ್ಚು ಬೇಕು. ಎಷ್ಟು ಹೆಚ್ಚೆಂಬುದನ್ನು ಅಜ್ಜಿಯ ಕೈ ಬಲ್ಲುದಲ್ಲದೆ ಯಾವ ಪುಸ್ತಕವೂ ಹೇಳದು. ಬಾಳೆಯೆಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿದರೆ ಮಡಚುವಾಗ ಸೀಳುವುದಿಲ್ಲ. ತೇಗದ ಎಳೆಯ ಎಲೆಯಾದರೆ ಹಿಟ್ಟಿಗೆ ಕೆಂಪು ಛಾಯೆ ಬರುವುದು. ಅಟ್ಟಿನಳಗೆಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಬೇಯಬೇಕು.

ಮಕ್ಕಳಿಗೆ ಹಬ್ಬವಾಗಿ ತೋರುತ್ತಿದ್ದ ಈ ತಿಂಡಿ ಹಿಂದೆ ಹಿರಿಯರಿಗೆ ಅಕ್ಕಿಯ ಲೆಕ್ಕವಾಗಿತ್ತೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಆಟಿ ತಿಂಗಳೆಂದರೆ ಹಳೆಯ ಭತ್ತ ಮುಗಿದು ಹೊಸದು ಬಾರದ ಕಾಲ. ಒಬ್ಬರಿಗೆ ಸಾಲುವ ಅಕ್ಕಿಗೆ ಹಿತ್ತಿಲ ಹಲಸನ್ನು ಬೆರೆಸಿ ಮೂವರ ಹೊಟ್ಟೆ ತುಂಬಿಸುತ್ತಿದ್ದರು. ತಾಯಂದಿರು ಆ ಕೊರತೆಯನ್ನು ಮಕ್ಕಳಿಗೆ ಬೆಲ್ಲ ಬೆರೆಸಿ ಬಡಿಸಿದರೆನ್ನಬಹುದು. ಕೇರಳ ಸರಕಾರವು 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು; ಆದರೂ ತೋಟದ ಬದಿಯಲ್ಲಿ ಬಿದ್ದು ಕೊಳೆಯುವ ಹಣ್ಣುಗಳು ಕಡಿಮೆಯಾದಂತೆ ಕಾಣೆ. ಅಕ್ಕಿ ಈಗ ಅಂಗಡಿಯಲ್ಲಿ ಬೇಕಾದಷ್ಟು ದೊರೆಯುತ್ತದೆ. ಹಣ್ಣು ಕೊಯ್ದು ಮೇಣದ ಕೈಯಲ್ಲಿ ಸೊಳೆ ಬಿಡಿಸುವವರು ಮಾತ್ರ ವಿರಳರು.

ಉಳಿದ ಕೊಟ್ಟಿಗೆ ಮರುದಿನ ಬಿರುಸಾಗುವುದೇಕೆಂದು ಕೇಳುವಿರಾದರೆ, ಅದಕ್ಕೂ ಪಿಷ್ಟವೇ ಕಾರಣ. ತಣಿದಾಗ ಎಳೆಗಳು ಪುನಃ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಬಿಸಿ ತಾಗಿದರೆ ಸಡಿಲುತ್ತವೆ. ತೆಳ್ಳಗೆ ಕೊಯ್ದು ಕಾವಲಿಯಲ್ಲಿ ತುಪ್ಪ ಸವರಿ ಸುಟ್ಟ ಆ ಹೋಳಿಗಾಗಿಯೇ ಮೊದಲ ದಿನ ಅರೆಹೊಟ್ಟೆ ಉಣ್ಣುವ ಮಕ್ಕಳೂ ಇದ್ದಾರೆ.