ಗುಳೆ ಹೋದವರು ನೆಲೆ ನಿಂತರೇ?

2019ರ ಅಕ್ಟೋಬರ್ ಕೊನೆಯಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಗೆ ಬೀಗ ಬಿತ್ತು. ಅವರು ಹಾಕಿಕೊಂಡಿದ್ದ ಹಳೆಯ ಚಿತ್ರವೊಂದು ಅದಕ್ಕೆ ಕಾರಣವಾಗಿತ್ತು. 1936ರ ಜರ್ಮನಿಯಲ್ಲಿ ಗುಂಪಿಗೆ ಗುಂಪೇ ಕೈಯೆತ್ತಿ ನಾಜಿ ವಂದನೆ ಸಲ್ಲಿಸುತ್ತಿದ್ದಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿರುವ ಚಿತ್ರ ಅದು. ನಾಜಿಗಳಿಗೆ ಸೊಪ್ಪು ಹಾಕದವನ ಫೋಟೊ ಕಂಪನಿಯ ಕಣ್ಣಿಗೆ ದ್ವೇಷದ ಚಿತ್ರವಾಗಿ ಕಂಡಿತು! ನವೆಂಬರ್‌ನಲ್ಲಿ ಭಾರತದ ಟ್ವಿಟರಿಗರು ಸಿಟ್ಟಿನಿಂದ ಮ್ಯಾಸ್ಟೊಡಾನ್ ಎಂಬ ಜಾಲತಾಣಕ್ಕೆ ಗುಳೆ ಎದ್ದರು. ಹೋದ ಹಲವರು ಕೆಲವೇ ವಾರಗಳಲ್ಲಿ ಸದ್ದಿಲ್ಲದೆ ಮರಳಿದರು. 2022ರಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಸುರಿದು ಟ್ವಿಟರ್ ಕೊಂಡಾಗ ಇದೇ ಗುಳೆ ಜಗತ್ತಿನಾದ್ಯಂತ ನಡೆಯಿತು.

ಜರ್ಮನಿಯ ಯುಜೆನ್ ರೋಚ್ಕೊ 2016ರಲ್ಲಿ ಬಿಡುಗಡೆ ಮಾಡಿದ ಮ್ಯಾಸ್ಟೊಡಾನ್‌ಗೆ ಒಬ್ಬ ಧಣಿ ಇಲ್ಲ. ಸಾವಿರಾರು ಸರ್ವರ್‌ಗಳಿದ್ದು, ಒಂದೊಂದನ್ನೂ ಬೇರೆ ಬೇರೆಯವರು ತಮ್ಮದೇ ನಿಯಮಗಳೊಂದಿಗೆ ನಡೆಸುತ್ತಾರೆ. ಆದರೂ ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುವಂತೆ ಇಲ್ಲಿನ ಮಾತು ಅಲ್ಲಿಗೆ ಮುಟ್ಟುತ್ತದೆ. 2018ರಲ್ಲಿ ವೆಬ್‌ನ ಅಧಿಕೃತ ಮಾನದಂಡವಾದ ಆಕ್ಟಿವಿಟಿಪಬ್ ಈ ಸರ್ವರ್‌ಗಳನ್ನು ಬೆಸೆಯುತ್ತದೆ.

ಖಾತೆ ತೆರೆಯಲು ಹೋದರೆ 'ಯಾವ ಸರ್ವರ್?' ಎಂಬ ಪ್ರಶ್ನೆ ಎದುರಾಗುತ್ತದೆ. ಅಲ್ಲೇ ತಲೆ ಕೆರೆದುಕೊಂಡು ಎದ್ದುಬಂದವರನ್ನು ಬಲ್ಲೆ. ಒಳಗೆ ಹೋದರೆ ಪೋಸ್ಟ್‌ಗಳು ಬರೆದ ಹೊತ್ತಿನ ಕ್ರಮದಲ್ಲೇ ಬರುತ್ತವೆ, ಸಿಟ್ಟು ಬರಿಸುವುದನ್ನು ಹೆಕ್ಕಿ ಮುಂದಿಡುವ ಅಲ್ಗಾರಿದಮ್ ಇಲ್ಲ. ಜಗಳವೇ ಇಲ್ಲ ಎಂದು ಅಭಿಮಾನಿಗಳು ಕೊಂಡಾಡುತ್ತಾರೆ. ಜನ ಕಡಿಮೆ ಇದ್ದಲ್ಲಿ ಜಗಳವೂ ಕಡಿಮೆ ತಾನೆ! ಕನ್ನಡದಲ್ಲಿ ಒಂದು ಮಾತು ಹಾಕಿ ಉತ್ತರಕ್ಕೆ ಕಾಯುವವರಿಗೆ ತಾಳ್ಮೆ ಬೇಕು.

ಹಾಗೆಂದು ಸಣ್ಣದೆಲ್ಲ ಒಂದೇ ಅಲ್ಲ. ನಮ್ಮ ಬೆಂಗಳೂರಿನ 'ಕೂ' ನೆನಪಿದೆಯಲ್ಲ? 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ, ಟ್ವಿಟರ್ ಮಾದರಿಯ ಆ್ಯಪ್ ಅದು. 2021ರಲ್ಲಿ ಕೇಂದ್ರ ಸಚಿವರೇ ಅಲ್ಲಿಗೆ ಬಂದರು, ಮರುವರ್ಷ ಬ್ರೆಜಿಲ್‌ನವರೂ ಮುಗಿಬಿದ್ದರು. ಆದರೆ ಅದರ ಬಾಗಿಲೂ ಕಿಟಕಿಯೂ ಒಂದೇ ಕಂಪನಿಯ ಕೈಯಲ್ಲಿದ್ದವು. ಹಣ ಹುಟ್ಟದೆ, ಕೊಳ್ಳುವವರ ಜತೆಗಿನ ಮಾತುಕತೆಯೂ ಮುರಿದುಬಿದ್ದು 2024ರ ಜುಲೈನಲ್ಲಿ ಹಳದಿ ಹಕ್ಕಿಯ ಲಾಂಛನದ ಆ ಆ್ಯಪ್ ಮುಚ್ಚಿಹೋಯಿತು. ಅಲ್ಲಿ ಕಟ್ಟಿಕೊಂಡಿದ್ದ ಬಳಗವನ್ನು ಇನ್ನೊಂದು ಕಡೆಗೆ ಸಾಗಿಸುವ ದಾರಿಯೇ ಇರಲಿಲ್ಲ.

ಮ್ಯಾಸ್ಟೊಡಾನ್ ಸರ್ವರ್‌ಗಳೂ ಮುಚ್ಚುತ್ತವೆ. ಒಬ್ಬರೇ ಬಿಡುವಿನ ವೇಳೆಯಲ್ಲಿ ನಡೆಸುತ್ತಿದ್ದ 'ಮ್ಯಾಸ್ಟೊಡಾನ್ ಡಾಟ್ ಟೆಕ್ನಾಲಜಿ' ನಿಲ್ಲುತ್ತದೆಂದು ಘೋಷಣೆಯಾದದ್ದು 2022ರ ಅಕ್ಟೋಬರ್‌ನಲ್ಲಿ, ಮಸ್ಕ್ ಟ್ವಿಟರ್‌ಗೆ ಕಾಲಿಟ್ಟ ಅದೇ ತಿಂಗಳು. ಆದರೆ ಅಲ್ಲಿನವರಿಗೆ ಮುಂಚೆಯೇ ತಿಳಿಸಲಾಗಿತ್ತು. ಬೇರೆ ಸರ್ವರ್‌ನಲ್ಲಿ ಖಾತೆ ತೆರೆದು 'ಸ್ಥಳಾಂತರ' ಒತ್ತಿದರೆ ಹಿಂಬಾಲಕರು ತಾವಾಗಿಯೇ ಹೊಸ ವಿಳಾಸಕ್ಕೆ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಬರುವುದಿಲ್ಲ, ಅದು ದೊಡ್ಡ ಕೊರತೆಯೇ. ಆದರೂ ಬಳಗವನ್ನು ಕರೆದೊಯ್ಯಬಹುದು ಎಂಬ ಒಂದೇ ಕಾರಣಕ್ಕೆ ನನ್ನ ಓಟು ಇದಕ್ಕೆ.

ಇಷ್ಟಾದರೂ ಸರ್ವರ್‌ನ ಬಾಡಿಗೆ, ರಾತ್ರಿ ಹಗಲೆನ್ನದೆ ಬರುವ ದೂರುಗಳು, ಬೈಗುಳ ಅಳಿಸುವ ಕೆಲಸ ಯಾರದೋ ತಲೆಯ ಮೇಲಿರುತ್ತದೆ. ಜಾಹೀರಾತು ಇಲ್ಲದ ಕಡೆ ಖರ್ಚಿಗೆ ಹಣ ಹುಟ್ಟುವುದು ಹೆಚ್ಚಾಗಿ ದೇಣಿಗೆಯಿಂದಲೇ. ಹೊರಡುವ ಮನಸ್ಸಿದ್ದರೆ ಹಳೆಯ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ನೀವು ಬರೆದದ್ದನ್ನೆಲ್ಲ ಮೊದಲು ಇಳಿಸಿಕೊಳ್ಳಿ. ಹೊಸ ಕಡೆ ಸೇರಿದ ಮೇಲೆ ಆ ಸರ್ವರ್ ನಡೆಸುವವರಿಗೆ ತಿಂಗಳಿಗೆ ನೂರೋ ಇನ್ನೂರೋ ಕಳುಹಿಸಿ.