ತೊಳೆದ ಕೈಗೆ ಮತ್ತೆ ಮೊಬೈಲು

ಆಪರೇಷನ್ ಥಿಯೇಟರಿಗೆ ಹೋಗುವವರು ಬಟ್ಟೆ ಬದಲಿಸುತ್ತಾರೆ, ಚಪ್ಪಲಿ ಬದಲಿಸುತ್ತಾರೆ, ಉಂಗುರ, ವಾಚು ಬಿಚ್ಚಿಡುತ್ತಾರೆ. ಕ್ಯಾಂಟೀನಿನ ಮೇಜು, ಕಾರಿನ ಸೀಟು, ವಾರ್ಡಿನ ಮಂಚ ಎಲ್ಲವನ್ನೂ ಸವರಿಕೊಂಡು ಬಂದ ಮೊಬೈಲು ಮಾತ್ರ ಜೇಬಿನಲ್ಲೇ ಒಳಗೆ ಹೋಗುತ್ತದೆ.

ಇದರಿಂದ ಏನಾಗುತ್ತದೆಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ವೈದ್ಯರು ಪರೀಕ್ಷಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 40 ಅರಿವಳಿಕೆ ತಜ್ಞರು ಸೋಂಕುನಿವಾರಕ ಹಚ್ಚಿ ಕೈ ಶುದ್ಧ ಮಾಡಿಕೊಂಡರು. ಬಳಿಕ ಮೊಬೈಲಿನಲ್ಲಿ ಚುಟುಕಾಗಿ ಮಾತಾಡಿದರು. ಅಷ್ಟಕ್ಕೇ 38 ಮಂದಿಯ ಕೈಯಲ್ಲಿ ಬ್ಯಾಕ್ಟೀರಿಯಾ ಸಿಕ್ಕವು! ಅವುಗಳಲ್ಲಿ ರೋಗ ತರಬಲ್ಲವು ಇದ್ದದ್ದು ನಾಲ್ವರ ಕೈಯಲ್ಲಿ ಎಂಬುದನ್ನೂ ಹೇಳಬೇಕು. ಪಕ್ಕದ ಕೋಣೆಯ ಲ್ಯಾಂಡ್‌ಲೈನ್ ಬಳಸಿದಾಗಲೂ 33 ಮಂದಿಯ ಕೈ ಮಲಿನವಾಗಿತ್ತು.

ಟರ್ಕಿಯಲ್ಲಿ 2009ರಲ್ಲಿ ಹೊರಬಂದ ವರದಿ ಇನ್ನಷ್ಟು ಕಳವಳಕಾರಿ. ಥಿಯೇಟರ್ ಮತ್ತು ಐಸಿಯು ಸಿಬ್ಬಂದಿ 200 ಮಂದಿಯ ಫೋನುಗಳಲ್ಲಿ ಶೇ. 94.5ರಷ್ಟರಲ್ಲಿ ಬ್ಯಾಕ್ಟೀರಿಯಾ ಇದ್ದವು. ಅಲ್ಲಿ ಸಿಕ್ಕ ಸ್ಟೆಫೈಲೊಕಾಕಸ್ ಆರಿಯಸ್ ತಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದವು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಫೋನನ್ನು ಎಂದೂ ಶುಚಿ ಮಾಡಿಯೇ ಇರಲಿಲ್ಲ.

ಕೈ ತೊಳೆದು ಗ್ಲೌಸ್ ತೊಟ್ಟ ಸರ್ಜನ್ ಫೋನ್ ಮುಟ್ಟುವುದಿಲ್ಲ, ನಿಜ. ಅಪಾಯ ಇರುವುದು ಆಪರೇಷನ್ ಮೇಜಿನ ತಲೆಯ ಕಡೆ. ಫೋನ್ ಗುಂಯ್‌ಗುಡುತ್ತದೆ; ಅರಿವಳಿಕೆ ವೈದ್ಯರು ತೆಗೆದು ನೋಡಿ ಮತ್ತೆ ಜೇಬಿಗಿಡುತ್ತಾರೆ. ಮರುಕ್ಷಣ ಅದೇ ಬೆರಳುಗಳು ಡ್ರಿಪ್ ನಳಿಕೆಯ ಮುಚ್ಚಳ ತಿರುಗಿಸಿ ಸಿರಿಂಜ್ ಜೋಡಿಸುತ್ತವೆ. ಆ ಮುಚ್ಚಳದ ಬಾಯಿಗೆ ಅಂಟಿದ ಜೀವಾಣುವಿಗೆ ಚರ್ಮದ ತಡೆಯೇ ಇಲ್ಲ, ಔಷಧದ ಜೊತೆ ನೇರ ರಕ್ತಕ್ಕೆ ಸೇರುತ್ತದೆ. ಫೋನಿನಿಂದಲೇ ಇಂಥ ರೋಗಿಗೆ ಸೋಂಕು ತಗುಲಿತೆಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ಆದರೆ ದಾರಿ ತೆರೆದೇ ಇದೆ.

ಕತ್ತರಿ, ಚಿಮಟಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿಯ ಹಬೆಗೆ ಒಡ್ಡಬಹುದು, ಫೋನನ್ನು ಒಡ್ಡಲಾಗದು. ಒಣ ಮೇಲ್ಮೈಯಲ್ಲಿ ಸ್ಟೆಫೈಲೊಕಾಕಸ್ ತಿಂಗಳುಗಟ್ಟಲೆ ಬದುಕಬಲ್ಲದು. ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಬಹುಪಾಲು ಸಾಯುತ್ತವೆ. 2020ರಲ್ಲಿ ಆಪಲ್ ಕಂಪನಿಯೂ ತನ್ನ ಫೋನುಗಳಿಗೆ ಇದನ್ನು ಒಪ್ಪಿತು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಾತ್ರ ಆಲ್ಕೋಹಾಲಿಗೆ ಜಗ್ಗುವುದಿಲ್ಲ.

ಸ್ಕ್ಯಾನ್ ಚಿತ್ರ ನೋಡಲು, ಔಷಧದ ಪ್ರಮಾಣ ಲೆಕ್ಕ ಹಾಕಲು, ತುರ್ತು ಕರೆಗೆ ಫೋನ್ ಬೇಕೇ ಬೇಕು. ಹಾಗಾಗಿ ಪೂರ್ತಿ ನಿಷೇಧ ಬಹುಕಾಲ ನಿಲ್ಲಲಾರದು. ಆಸ್ಪತ್ರೆಗಳು ಥಿಯೇಟರಿನ ಬಾಗಿಲಲ್ಲೇ ಫೋನ್ ಒರೆಸುವ ವ್ಯವಸ್ಥೆ ಮಾಡಲಿ, ಫೋನ್ ಮುಟ್ಟಿದ ಕೈಗೆ ರೋಗಿಯನ್ನು ಮುಟ್ಟುವ ಮೊದಲು ಮತ್ತೆ ಹ್ಯಾಂಡ್‌ರಬ್ ಕಡ್ಡಾಯ ಮಾಡಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದಕ್ಕೆ ಹಿಡಿಯುವುದು 20ರಿಂದ 30 ಸೆಕೆಂಡು.