ಮಗಳ ಪಠ್ಯದಲ್ಲಿ ‘ಚಂದ್ರಗಿರಿಯ ತೀರದಲ್ಲಿ’

ಮಹಿಳಾ ಅಧ್ಯಯನದ ತರಗತಿಯಲ್ಲಿ ಸಾರಾ ಅಬೂಬಕ್ಕರ್ ಅವರ ಕಾದಂಬರಿ ಓದಿಸುತ್ತಿದ್ದಾರೆ, ನಿಲ್ಲಿಸುವಂತೆ ಕಾಲೇಜಿಗೆ ಮನವಿ ಕೊಡೋಣವೇ ಎಂದು ಶಿವಾಜಿನಗರ, ಹಲಸೂರಿನ ಕೆಲವು ಪೋಷಕರು ಕೇಳಿದ್ದರು. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಈ ಚರ್ಚೆ ಇನ್ನೂ ಜೋರಾಗಿದೆ. ಜುಮಾ ಖುತ್ಬಾದಲ್ಲಿ ಈ ಬಗ್ಗೆ ಹೇಳಿದ್ದರ ಸಾರಾಂಶ ಇಲ್ಲಿದೆ.

ಮೊದಲು ಪುಸ್ತಕದಲ್ಲಿ ಏನಿದೆ ಎಂದು ತಿಳಿಯೋಣ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಕಾಸರಗೋಡು ಕಡೆಯ ನಾದಿರಾಳಿಗೆ ತಂದೆಯ ಹಠದಿಂದ ತಲಾಖ್ ಆಗುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ನಿಕಾಹ್ ಆಗಬೇಕು ಎನ್ನುತ್ತಾರೆ. ಅವಳು ಪ್ರಾಣ ಬಿಡುತ್ತಾಳೆ.

ಇದನ್ನು ದೀನ್ ಎಂದು ಯಾರು ಹೇಳಿದರು? ಮೂರನೆಯ ತಲಾಖ್ ನಂತರ ಹೆಣ್ಣು ಬೇರೊಬ್ಬನನ್ನು ಮದುವೆಯಾಗಿ, ಆ ಸಂಸಾರವೂ ತಾನಾಗಿ ಮುರಿದರೆ ಮಾತ್ರ ಮೊದಲಿನವನನ್ನು ಮದುವೆಯಾಗಬಹುದು ಎಂಬುದು ಸೂರಃ ಅಲ್ ಬಕರಃದ ವಿಧಿ. ಗಂಡಸು ತಲಾಖನ್ನು ಆಟವಾಗಿಸಿಕೊಳ್ಳಬಾರದೆಂದು ಇಟ್ಟ ತಡೆ ಅದು. ಮುರಿಯಲೆಂದೇ ಮಾಡುವ ಹಲಾಲಾ ನಿಕಾಹ್ ಮಾಡಿಕೊಳ್ಳುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಅಬೂದಾವೂದ್, ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಅಂಥ ನಿಕಾಹ್ ಸಿಂಧುವೇ ಎಂದು ಉಲಮಾಗಳು ಚರ್ಚಿಸಿದ್ದಾರೆ. ಶಾಪದ ಬಗ್ಗೆ ಚರ್ಚೆಯಿಲ್ಲ. ಇನ್ನು ತಂದೆಯ ಹಠ: ಖನ್ಸಾ ಬಿಂತ್ ಖಿದಾಮ್(ರ) ಅವರನ್ನು ಒಪ್ಪಿಗೆಯಿಲ್ಲದೆ ತಂದೆ ಮದುವೆ ಮಾಡಿಕೊಟ್ಟಾಗ ಪ್ರವಾದಿ(ಸ) ಆ ಮದುವೆಯನ್ನೇ ರದ್ದುಮಾಡಿದರು. ಇದು ಬುಖಾರಿಯಲ್ಲಿದೆ.

ಮನೆಯ ಮಾತನ್ನು ಹೆಣ್ಣು ಹೊರಗೆ ಹೇಳಬಾರದಿತ್ತು ಎನ್ನುವವರೂ ಇದ್ದಾರೆ. ಖೌಲಾ ಬಿಂತ್ ಸಅಲಬಾ(ರ) ಗಂಡನ ಮೇಲಿನ ದೂರು ಹೊತ್ತು ನೇರವಾಗಿ ಪ್ರವಾದಿಯವರ(ಸ) ಬಳಿ ಹೋಗಿ ವಾದಿಸಿದರು. ಅಲ್ಲಾಹನು ಆ ದೂರನ್ನು ಆಲಿಸಿದನು. ಆ ಸೂರಃದ ಹೆಸರೇ ‘ವಾದಿಸುವ ಹೆಣ್ಣು’.

ಪೋಷಕರ ನೋವು ಸುಳ್ಳಲ್ಲ. ತರಗತಿಯಲ್ಲಿ ಬುರ್ಖಾ ತೊಟ್ಟವಳು ಒಬ್ಬಳೇ ಇದ್ದರೆ, ಪಾಠ ಮುಗಿದೊಡನೆ ಎಲ್ಲರೂ ಅವಳತ್ತ ತಿರುಗುತ್ತಾರೆ: ನಿಮ್ಮಲ್ಲಿ ಹೀಗೆಯೇ? ಒಂದು ಕಾದಂಬರಿಯನ್ನು ಇಡೀ ಸಮುದಾಯದ ಕಥೆ ಎಂದು ಕಲಿಸುವುದು ಅನ್ಯಾಯ. ಆದರೆ ಪುಸ್ತಕ ತೆಗೆಸಿದರೆ ಆ ಪ್ರಶ್ನೆ ಹೋಗುವುದಿಲ್ಲ, ಉತ್ತರ ಅವಳ ಬಳಿ ಇರಬೇಕು. 2022ರಲ್ಲಿ ಹತ್ತನೇ ತರಗತಿಯ ಕನ್ನಡ ಪಠ್ಯದಿಂದ ಇದೇ ಸಾರಾ ಅವರ ‘ಯುದ್ಧ’ ಪಾಠವನ್ನು ಕೈಬಿಟ್ಟಾಗ ನಮ್ಮಲ್ಲಿ ಎಷ್ಟೋ ಮಂದಿ ಬೇಸರಪಟ್ಟಿದ್ದೆವು. 2023ರಲ್ಲಿ ಅದು ಮರಳಿತು. ಈಗ ಅದೇ ಲೇಖಕಿಯನ್ನು ತೆಗೆಯಿರಿ ಎಂದು ನಾವೇ ಅರ್ಜಿ ಹಿಡಿದು ನಿಲ್ಲುವುದೇ?

ನನಗೆ ಹೆಚ್ಚು ಭಯವಿರುವುದು ಬೇರೆ ಕಡೆ. ಪುಸ್ತಕದಿಂದ ಶುರುವಾದ ಮಾತು ಕೆಲವು ಮನೆಗಳಲ್ಲಿ, ಓದಿದ್ದು ಸಾಕು, ಮನೆಯಲ್ಲಿರಲಿ ಎಂಬಲ್ಲಿಗೆ ಬಂದಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಂಟೋನ್ಮೆಂಟಿನ ನಮ್ಮ ಅನೇಕ ತಂದೆ ತಾಯಂದಿರಿಗೆ ಉರ್ದು ಬರುತ್ತದೆ, ಕನ್ನಡ ಪುಸ್ತಕ ಓದಲು ಬಾರದು. ಇಶಾ ನಂತರ ಮಗಳಿಂದ ನಾಲ್ಕು ಪುಟ ಓದಿಸಿ, ಅರ್ಥ ಕೇಳಿ. ನಾದಿರಾಳಿಗೆ ಅನ್ಯಾಯ ಮಾಡಿದ್ದು ಯಾವುದು, ದೀನ್ ಹೇಳಿದ್ದು ಯಾವುದು ಎಂದು ಅವಳೊಂದಿಗೇ ಮಾತಾಡಿ. ಅಧ್ಯಾಪಕರನ್ನು ಕಾಣುವುದಾದರೆ, ಕಾದಂಬರಿಯ ಜೊತೆ ತಲಾಖ್ ಕುರಿತ ಕುರ್‌ಆನಿನ ವಿಧಿಯನ್ನೂ ಚರ್ಚೆಗೆ ತನ್ನಿ ಎಂದು ಕೇಳಿ. ಸಂದೇಹ ಬಂದ ಪುಟಕ್ಕೆ ಗುರುತಿಟ್ಟು ಪುಸ್ತಕ ತನ್ನಿ. ಅಸರ್ ನಂತರ ಮಸೀದಿಯಲ್ಲೇ ಇರುತ್ತೇನೆ, ಕೆ.ಆರ್. ಪುರಂ ಕಡೆಯಿಂದ ಬರುವವರು ಭಾನುವಾರ ಬಂದರೂ ಆಯಿತು.